ಅಕ್ಕನ ದನಿ ಯಾವ ಹೆಡ್‌ಫೋನಿನಲ್ಲಿದೆ

೧೯೮೮ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸಿನ ಪರೀಕ್ಷೆ ಬರೆದವನು ಫಲಿತಾಂಶಕ್ಕೂ ಕಾಯದೆ, ರೊಳ್ಳದ ಹತ್ತಿರದ ನಮ್ಮೂರು ಬಿಟ್ಟು ರಾಯದುರ್ಗಕ್ಕೆ ಬಂದು, ಪ್ಯಾಂಟು ಹೊಲಿಯುವ ಯೂನಿಟ್ಟೊಂದರಲ್ಲಿ ದಾರದ ತುದಿ ಕತ್ತರಿಸಲು ಕೂತೆ. ಪಾಸಾಗಿದ್ದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಕೇಳಿದವರಿಗೆ ಪಾಸು ಎಂದೇ ಹೇಳುತ್ತೇನೆ.

ಓದಿನಿಂದ ಬಾರದ ಹೆಸರು ನನಗೆ ಕಿವಿಯಿಂದ ಬಂತು. ಜೀನ್ಸ್ ಹೊಲಿಯುವ ಮೆಷಿನ್ನಿನ ಹೊಟ್ಟೆಯೊಳಗೆ ಹುಕ್ಕು ಎಂದು ಒಂದಿರುತ್ತದೆ. ಸೂಜಿ ಕೆಳಗಿಳಿದಾಗ ಅದರ ದಾರ ಹಿಡಿದು ಹೊಲಿಗೆ ಬೀಳಿಸುವುದು ಅದೇ. ಆ ಹುಕ್ಕು ಕೂದಲೆಳೆಯಷ್ಟು ಸರಿದರೂ ಸೂಜಿಗೆ ಉಜ್ಜುತ್ತದೆ. ಉಜ್ಜಿ ಉಜ್ಜಿ ಸೂಜಿ ಮುರಿಯುತ್ತದೆ. ಮುರಿಯುವುದಕ್ಕೆ ಒಂದೆರಡು ದಿನ ಮೊದಲಿನಿಂದ ಸಣ್ಣಗೆ ‘ಚಿಕ್ ಚಿಕ್’ ಎನ್ನುತ್ತಿರುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೆಷಿನ್ನಿಗೆ ಒತ್ತಿ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಕೊಟ್ಟರೆ ಎಲ್ಲ ಮೆಕ್ಯಾನಿಕ್ಕುಗಳಿಗೂ ಕೇಳುತ್ತದೆ. ನನಗೆ ಸ್ಕ್ರೂಡ್ರೈವರೂ ಬೇಕಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, ಓಡುತ್ತಿರುವ ಇಪ್ಪತ್ತು ಮೆಷಿನ್ನುಗಳಲ್ಲಿ ಇಂಥದ್ದನ್ನು ನಿಲ್ಲಿಸಿ ಎಂದು ಕೈ ತೋರಿಸುತ್ತಿದ್ದೆ. ಬೇರೆ ಯೂನಿಟ್ಟಿನವರು ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು.

ಈಗ ಯೂನಿಟ್ಟು ನನ್ನದೇ. ಮೆಕ್ಯಾನಿಕ್ಕನ್ನು ಇಟ್ಟುಕೊಂಡಿಲ್ಲ. ನಮ್ಮಲ್ಲಿ ಒಂದು ರೂಢಿಯಿದೆ: ಮೆಷಿನ್ನಿನ ಸದ್ದಿನ ವಿಷಯ ಮೊದಲು ನಾನು ಮಾತಾಡಬೇಕು, ಆಮೇಲೆ ಉಳಿದವರು. ಯಾರೂ ಗೋಡೆಗೆ ಬರೆದು ಹಚ್ಚಿದ ನಿಯಮವಲ್ಲ, ವರ್ಷಗಳಿಂದ ಹಾಗೆ ಆಗಿಬಂದದ್ದು. ಒಂದು ನಿಮಿಷಕ್ಕೆ ಸಾವಿರಾರು ಸಲ ಇಳಿಯುವ ಸೂಜಿಯ ಮುಂದೆ ಮುಖ ಬಗ್ಗಿಸಿ ಕೂರುವವರು ನನ್ನ ಕಿವಿಯನ್ನು ನಂಬಿ ಕೂತಿರುತ್ತಾರೆ. ಅದು ನನಗೆ ಹೆಮ್ಮೆಯ ಸಂಗತಿಯಾಗಿತ್ತು. ಹೆಮ್ಮೆ ತಪ್ಪು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಆದರೆ ಹೋದ ವರ್ಷದ ಆ ಹತ್ತು ದಿನಗಳನ್ನು ನೆನೆದರೆ ಏನು ಅನ್ನಿಸಬೇಕು ಎಂಬುದೇ ತಿಳಿಯುವುದಿಲ್ಲ.

ನಮ್ಮ ಮಾಲು ಕೊಳ್ಳುವ ಬಳ್ಳಾರಿಯ ವ್ಯಾಪಾರಿಯೊಬ್ಬರಿಗೆ ಹೆಡ್‌ಫೋನಿನ ಹುಚ್ಚು. ಒಂದೊಂದರ ಬೆಲೆಗೆ ಒಂದೊಂದು ಹೊಲಿಗೆ ಮೆಷಿನ್ನು ಬರುತ್ತದೆ, ಅಂಥವು. ಒಂದು ಸಲ ಲೋಡು ನೋಡಲು ಬಂದವರು ಮೂರು ಡಬ್ಬಿಗಳನ್ನು ತಂದು ನನ್ನ ಕಟಿಂಗ್ ಟೇಬಲ್ಲಿನ ಮೇಲಿಟ್ಟರು.

“ಇವು ಮೂರರಾಗ ಎರಡು ಮಾರಬೇಕಂತ ಮಾಡೀನ್ರಿ ಯಜಮಾನ್ರ. ಮನ್ಯಾಗ ಬೈತಾರ. ಬಾಸು ಮೂರರಾಗೂ ಚಲೋ ಐತಿ. ಮಿಡ್ ಯಾವುದರಾಗ ಖರೇ ಐತಿ, ಅದೊಂದು ನೀವು ಹೇಳ್ರಿ. ಇಡೀ ರಾಯದುರ್ಗಕ್ಕ ನಿಮ್ಮಂಥ ಕಿವಿ ಇಲ್ಲ.”

“ಅಷ್ಟೇನ್ರಿ? ಇಟ್ಟು ಹೋಗ್ರಿ.”

“ಮಿಡ್ ಅಂದ್ರ ಗೊತ್ತಲ್ರಿ?”

“ಮೂವತ್ತೈದು ವರ್ಷ ಮೆಷಿನ್ ಕೇಳಿದವಗ ಮಿಡ್ ಗೊತ್ತಿರಂಗಿಲ್ಲೇನ್ರಿ?”

ಗೊತ್ತಿರಲಿಲ್ಲ. ಕೇಳಿದ್ದರೆ ಅವರು ಹೇಳುತ್ತಿದ್ದರು. ಕೇಳಲಿಲ್ಲ.

ಅವತ್ತು ಸಂಜೆ ಫೋನಿನಲ್ಲಿ ಹುಡುಕಿದೆ. ಹೆಡ್‌ಫೋನುಗಳನ್ನು ಅಳೆದು ಹೇಳುವ ಪಂಡಿತರು ತೆಲುಗಿನಲ್ಲೂ ಇದ್ದಾರೆ, ಹಿಂದಿಯಲ್ಲೂ ಇದ್ದಾರೆ. ಒಬ್ಬ ಮಿಡ್ ಬೆಚ್ಚಗಿದೆ ಎಂದ. ಇನ್ನೊಬ್ಬ ಅದೇ ಹೆಡ್‌ಫೋನಿನ ಮಿಡ್ ತೆಳ್ಳಗಿದೆ ಎಂದ. ಮತ್ತೊಬ್ಬನ ಪ್ರಕಾರ ಮಿಡ್ ಎರಡು ಹೆಜ್ಜೆ ಹಿಂದೆ ಕೂತಿತ್ತು. ಕಿವಿಗೆ ಹಾಕಿಕೊಂಡದ್ದರಲ್ಲಿ ಹಿಂದೆ ಎಲ್ಲಿ, ಮುಂದೆ ಎಲ್ಲಿ? ಕೊನೆಗೆ ನಾನು ಅರ್ಥ ಮಾಡಿಕೊಂಡದ್ದು ಇಷ್ಟು: ಡೊಳ್ಳಿನ ಗುಮ್ಮು ಕೆಳಗೆ, ತಾಳದ ಕಿಣಿಕಿಣಿ ಮೇಲೆ, ನಡುವೆ ಉಳಿಯುವುದು ಮನುಷ್ಯನ ಗಂಟಲು. ಮಿಡ್ ಎಂದರೆ ಅದು. ಇಷ್ಟನ್ನು ಹೇಳುವುದಕ್ಕೆ ಒಬ್ಬೊಬ್ಬರೂ ಇಪ್ಪತ್ತು ನಿಮಿಷ ತೆಗೆದುಕೊಂಡಿದ್ದರು.

ಮೂರಕ್ಕೂ ನಾನೇ ಹೆಸರಿಟ್ಟೆ. ಹೊರಮೈಯಲ್ಲಿ ಜಾಲರಿ ಇದ್ದದ್ದು ಜಾಲರಿಯದು. ಮರದ ಬಟ್ಟಲುಗಳಿದ್ದದ್ದು ಮರದ್ದು. ಮೂರನೆಯದು ಕತ್ತು ಬಾಗುವಷ್ಟು ತೂಕವಿತ್ತು, ಅದು ಭಾರದ್ದು. ಆ ವ್ಯಾಪಾರಿ ಜೊತೆಗೆ ಕೊಟ್ಟಿದ್ದ, ಹಾಡು ನುಡಿಸುವ ಚಿಕ್ಕ ಪೆಟ್ಟಿಗೆಗೆ ಒಂದೊಂದನ್ನೇ ಚುಚ್ಚಿ, ಅದರಲ್ಲಿದ್ದ ಒಬ್ಬ ಹೆಂಗಸಿನ ಹಾಡನ್ನು ಕೇಳಿದೆ.

ಮೊದಲು ಯೂನಿಟ್ಟಿನಲ್ಲೇ, ಮೆಷಿನ್ನುಗಳು ಓಡುತ್ತಿರುವಾಗ ಕೇಳಿದೆ. ನನ್ನ ಕಿವಿ ತೆರೆಯುವುದು ಆ ಗದ್ದಲದಲ್ಲೇ ಎಂಬುದು ನನ್ನ ನಂಬಿಕೆ. ಜಾಲರಿಯದರಲ್ಲಿ ಮೆಷಿನ್ನುಗಳೆಲ್ಲ ಒಳಗೆ ನುಗ್ಗಿ ಹಾಡುವವಳ ಪಕ್ಕ ಕೂತವು. ಅದು ಕೆಲಸಕ್ಕೆ ಬಾರದು ಎಂದು ತೀರ್ಮಾನಿಸಿದೆ. ಮರದ್ದೇ ಸರಿ ಎಂದುಕೊಂಡೆ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೇಳಿದರೆ ತೀರ್ಮಾನ ತಿರುಗಿ ಬಿತ್ತು. ಮರದ್ದರಲ್ಲಿ ಅವಳು ರಗ್ಗು ಹೊದ್ದು ಹಾಡುತ್ತಿದ್ದಳು. ಜಾಲರಿಯದರಲ್ಲಿ ಎದ್ದು ಕೂತಿದ್ದಳು. ಭಾರದ್ದರಲ್ಲಿ ದನಿ ವಾಷಿಂಗಿಗೆ ಹೋಗದ ಹೊಸ ಡೆನಿಮ್ಮಿನ ಹಾಗೆ ಬಿರುಸು. ಮಾರನೇ ದಿನ ಕೇಳಿದರೆ ಭಾರದ್ದೇ ಮೆತ್ತಗೆ. ಬಟ್ಟೆಯಾದರೆ ಕೈಯಲ್ಲಿ ಹಿಡಿದು ನಿನ್ನೆಯದರ ಪಕ್ಕ ಇವತ್ತಿನದನ್ನು ಇಟ್ಟು ನೋಡಬಹುದು. ನಿನ್ನೆಯ ಸದ್ದನ್ನು ಎಲ್ಲಿಂದ ತಂದು ಇಡುವುದು?

ಮೂರನೇ ದಿನ ಹೆಂಡತಿ ನೋಡಿಯೂ ನೋಡದವಳಂತೆ ಎರಡು ಸಲ ಸುಳಿದಾಡಿ ಕೊನೆಗೆ ನಿಂತಳು.

“ಏನ್ರಿ, ಕಿವಿಗೆ ಬಟ್ಲು ಕವುಚಿಕೊಂಡು ಕುಂತೀರಿ? ನಾ ಕರದಿದ್ದು ನಾಕು ಸಲ.”

“ಕೆಲಸ ಐತಿ. ಇಲ್ಲಿ ಬಾ, ಇವು ಮೂರರಾಗ ಯಾವುದು ಚಲೋ ಹೇಳು.”

ಮೂರನ್ನೂ ಹಾಕಿ ತೆಗೆದಳು. ಐದು ನಿಮಿಷವೂ ಆಗಲಿಲ್ಲ. “ಎಲ್ಲಾ ಚಲೋ ಅದಾವ. ಆಕಿ ಏನು ಹಾಡಾಕತ್ಯಾಳ ಅಂತ ಮೂರರಾಗೂ ತಿಳೀತೈತಿ. ಮತ್ತೇನು ಬೇಕ್ರಿ ನಿಮಗ?”

“ಏನು ಹಾಡಾಕತ್ಯಾಳ?”

ಅವಳು ಎರಡು ಸಾಲು ಹೇಳಿದಳು. ಗಂಡನ ದಾರಿ ಕಾಯುವ ಹೆಂಗಸಿನ ಹಾಡು. ನಾನು ಮೂರು ದಿನದಿಂದ ಆ ಹಾಡು ಕೇಳುತ್ತಿದ್ದೆ. ಅದು ದೇವರ ಹಾಡು ಎಂದುಕೊಂಡಿದ್ದೆ. ದನಿ ಕೇಳುತ್ತಿತ್ತು, ಮಾತು ಹಿಡಿಯುತ್ತಿರಲಿಲ್ಲ. ಈಗಿನವರು ಮಾತು ನುಂಗಿ ಹಾಡುತ್ತಾರೆ ಎಂದೆ. ಹೆಂಡತಿ ನನ್ನ ಮುಖ ನೋಡಿ ಒಳಗೆ ಹೋದಳು.

ಅದೇ ವಾರ ಯೂನಿಟ್ಟಿನಲ್ಲಿ ಒಂದೇ ಮೆಷಿನ್ನಿನ ಸೂಜಿ ಎರಡು ಸಲ ಮುರಿಯಿತು. ಎರಡನೇ ಸಲ ಮುರಿದ ತುದಿ ಹಾರಿ, ಅಲ್ಲಿ ಕೂತಿದ್ದ ನಮ್ಮ ಹಳೆಯ ಹೊಲಿಗೆಯಾಕೆಯ ಕನ್ನಡಕಕ್ಕೆ ಬಡಿದು ಗಾಜಿನ ಮೇಲೆ ಗೀರು ಬಿತ್ತು. ಹದಿನಾರು ವರ್ಷದಿಂದ ನನ್ನಲ್ಲಿರುವವರು. ನಾನು ಹೋಗಿ ಮೆಷಿನ್ನಿನ ಪಕ್ಕ ನಿಂತು ಕೇಳಿದೆ. ಏನೂ ಇರಲಿಲ್ಲ. “ಮೆಷಿನ್ನಾಗ ಏನಿಲ್ಲ, ಸೂಜಿ ಲಾಟೇ ಸರಿ ಇಲ್ಲ” ಎಂದು ಇಡೀ ಡಬ್ಬಿ ಬದಲಿಸಿ, ಅವರಿಗೆ ಹೊಸ ಗಾಜು ಹಾಕಿಸಿಕೊಟ್ಟೆ. ಅವರು “ಆತ್ರಿ ಅಣ್ಣಾ” ಎಂದು ಮತ್ತೆ ಅದೇ ಮೆಷಿನ್ನಿಗೆ ಕೂತರು.

ಹೆಡ್‌ಫೋನಿನ ವಿಷಯದಲ್ಲಿ ಎಲ್ಲ ಪಂಡಿತರೂ ಒಪ್ಪಿದ ಮಾತು ಒಂದೇ ಇತ್ತು: ಮಿಡ್ ಪರೀಕ್ಷೆ ಮಾಡಬೇಕಾದರೆ ನಿಮಗೆ ಚೆನ್ನಾಗಿ ಗೊತ್ತಿರುವ ಮನುಷ್ಯರ ದನಿ ಕೇಳಿ. ನನಗೆ ಚೆನ್ನಾಗಿ ಗೊತ್ತಿರುವ ದನಿ ಎಂದರೆ ಅಕ್ಕನದು. ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಎತ್ತಿಕೊಂಡು ತಿರುಗಿದವಳು ಅವಳು. ಮದುವೆಮನೆಗಳಲ್ಲಿ ಸೋಬಾನೆ ಹಾಡಲು ಅವಳನ್ನು ಸುತ್ತಿನ ಊರಿನವರು ಕರೆಯುತ್ತಾರೆ. ಆ ವ್ಯಾಪಾರಿಯಿಂದಲೇ ಅಂಗೈಯಗಲದ ಒಳ್ಳೆಯ ರೆಕಾರ್ಡರನ್ನೂ ತರಿಸಿಕೊಂಡು, ಮೂರು ಡಬ್ಬಿ ಹೊತ್ತು, ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮಡಕಶಿರಕ್ಕೆ ಹೋದೆ. ಅಲ್ಲಿಂದ ಆಟೋದಲ್ಲಿ ಅಕ್ಕನ ಊರು. ಮಧ್ಯಾಹ್ನವಾಗಿತ್ತು.

ಅಕ್ಕನ ಮನೆಯ ಹಿತ್ತಿಲಲ್ಲಿ ಹುಳದ ಮನೆ ಇದೆ. ರೇಷ್ಮೆ ಹುಳ ಸಾಕಿದ ಮನೆಯಲ್ಲಿ ಹುಟ್ಟಿದವನಿಗೆ ಕೆಲವು ನಡತೆಗಳನ್ನು ಕಲಿಸಬೇಕಾಗಿಲ್ಲ. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರಕ್ಕೆ ಹೋದ ಹುಳ ಸೊಪ್ಪು ಮುಟ್ಟದೆ, ತಲೆ ಎತ್ತಿ, ಅಲ್ಲಾಡದೆ ಕೂತಿರುತ್ತದೆ. ಆಗ ತಟ್ಟೆ ಅಲುಗಿಸಬಾರದು. ನಮ್ಮ ಮನೆಯಲ್ಲಿ ಗಟ್ಟಿಯಾಗಿ ಮಾತನ್ನೂ ಆಡುತ್ತಿರಲಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಹೊಟ್ಟೆಬಾಕರ ಹಾಗೆ ಮೇಯುತ್ತವೆ, ಮನೆ ತುಂಬ ಸರಸರ ಸದ್ದು. ಚಿಕ್ಕವನಿದ್ದಾಗ ಆ ಸದ್ದಿಗೆ ಮಳೆ ಬಂತೆಂದು ಹೊರಗೆ ಓಡಿದ್ದಿದೆ.

ಹುಳದ ಮನೆಯ ಬಾಗಿಲಿಗೆ ಗೋಣಿತಟ್ಟಿನ ಪರದೆ ಇಳಿಬಿಟ್ಟಿತ್ತು. ಹೊರಗೆ ನಿಂತು ಆಲಿಸಿದೆ. ಒಳಗೆ ನಿಶ್ಶಬ್ದ. ಜ್ವರದಲ್ಲಿವೆ ಎಂದುಕೊಂಡು ಡಬ್ಬಿಗಳನ್ನು ಮೆಲ್ಲಗೆ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಪರದೆಗೆ ಬಾಯಿ ಹಚ್ಚಿ ಪಿಸುಗುಟ್ಟಿದೆ.

“ಅಕ್ಕ... ನಾನು ಬಂದಿವ್ನಿ. ಹೊರಕ್ಕೆ ಬಾ.”

ಅಕ್ಕ ಪರದೆ ಸರಿಸಿ ಬಂದಳು. ಹುಳದ ತಟ್ಟೆಗಳಿಗೆ ಉದುರಿಸುವ ಸುಣ್ಣದ ಪುಡಿ ಮೂಗಿಗೆ ಹೋಗದಂತೆ ಸೆರಗನ್ನು ಬಾಯಿಗೆ ಅಡ್ಡ ಕಟ್ಟಿಕೊಂಡಿದ್ದಳು. ಏನೋ ಅಂದಳು.

“ಆಂ?”

ಮತ್ತೆ ಅಂದಳು.

“ಏನಕ್ಕ? ಮೆಲ್ಲಗೆ ಮಾತಾಡು, ಹುಳ ಜ್ವರದಾಗವೆ.”

ಸೆರಗು ಕಿತ್ತು ಕೆಳಗಿಳಿಸಿದಳು. “ಯಾಕ್ಲಾ ಕಳ್ಳನಂಗೆ ಪಿಸಿಪಿಸಿ ಅಂತೀಯ ಅಂದೆ! ಯಾವ ಜ್ವರ? ಎದ್ದು ಮೂರು ದಿನ ಆತು. ಸೊಪ್ಪು ಹಾಕಿ ಹಾಕಿ ನನ್ನ ಸೊಂಟ ಬಿದ್ದೋಗೈತೆ. ಹಂಗೆ ಮಳೆ ಹುಯ್ದಂಗೆ ಸದ್ದು ಬತ್ತೈತೆ, ಬಾಗಿಲಾಗೇ ನಿಂತಿದೀಯ, ಕೇಳಾಕಿಲ್ವಾ?”

“ಕೇಳ್ತೈತೆ, ಕೇಳ್ತೈತೆ” ಎಂದೆ.

ಒಳಗೆ ಹೋದೆ. ತಟ್ಟೆ ತಟ್ಟೆಯ ಮೇಲೂ ಬೆರಳುದ್ದದ ಬಿಳಿಯ ಹುಳಗಳು. ಎಲೆಗಳು ಕಣ್ಣೆದುರಿಗೇ ಅಂಚಿನಿಂದ ಕರಗುತ್ತಿದ್ದವು. ಸಾವಿರಾರು ಬಾಯಿಗಳು. ಸದ್ದು ಇಲ್ಲ. ಟಿವಿಯ ದನಿ ತೆಗೆದು ನೋಡಿದ ಹಾಗೆ. ತಲೆ ಬಗ್ಗಿಸಿ ಕಿವಿಯನ್ನು ಎಲೆಗೆ ತಾಗುವಷ್ಟು ಹತ್ತಿರ ತಂದೆ. ಆಗ ಏನೋ ಕೇಳಿದಂತಾಯಿತು. ನಿಜವಾಗಿ ಕೇಳಿತೋ, ಚಿಕ್ಕಂದಿನ ನೆನಪು ತುಂಬಿಕೊಟ್ಟಿತೋ, ಆಣೆ ಮಾಡಿ ಹೇಳಲಾರೆ. ಇನ್ನೊಂದು ವಿಷಯವೂ ಆಗಲೇ ತಲೆಗೆ ಹೊಳೆಯಿತು: ಸೆರಗು ಅಡ್ಡ ಇದ್ದಾಗ ಅಕ್ಕನ ಒಂದು ಮಾತೂ ತಿಳಿದಿರಲಿಲ್ಲ, ತುಟಿ ಕಂಡ ಕೂಡಲೇ ಎಲ್ಲ ತಿಳಿದಿತ್ತು. ಹೆಡ್‌ಫೋನಿನಲ್ಲಿ ಹಾಡುವವರಿಗೆ ತುಟಿ ಇರುವುದಿಲ್ಲ.

ಅಕ್ಕನಿಗೆ ಏನೂ ಹೇಳಲಿಲ್ಲ. ಬಂದ ಕೆಲಸ ಬಿಡಬಾರದು ಎಂದು ರೆಕಾರ್ಡರು ಇಟ್ಟೆ. ಅವಳು ಸೊಪ್ಪು ಹರಡುತ್ತಲೇ ಒಂದು ಸೋಬಾನೆ ಹಾಡಿ, ನಡುವೆ ನಮ್ಮ ಭಾವನಿಗೆ ಎರಡು ಬೈಗುಳ ಸೇರಿಸಿ, ಇನ್ನೊಂದು ಹಾಡಿದಳು. ಆಮೇಲೆ ಜಗುಲಿಯ ಮೇಲೆ ಕೂತು ಮೂರರಲ್ಲೂ ಕೇಳಿದೆ. ನನಗೆ ಅಕ್ಕ ಸಿಕ್ಕಿದ್ದು ಜಾಲರಿಯದರಲ್ಲಿ. ಹಾಡುಗಳು ಮೊದಲೇ ಬಾಯಿಪಾಠ, ಹಾಗಾಗಿ ಮಾತಿನ ತೊಂದರೆ ಇರಲಿಲ್ಲ. ಮರದ್ದರಲ್ಲಿ ಅವಳು ಗೋಡೆಯಾಚೆ ಇದ್ದಳು. ಸರಿ, ಒಂದು ಉತ್ತರವಾದರೂ ಸಿಕ್ಕಿತು ಎಂದುಕೊಂಡೆ. ದನಿಯ ಒಡತಿಯೇ ಎದುರಿಗಿದ್ದಾಳೆ, ಅವಳಿಂದಲೇ ಸಹಿ ಹಾಕಿಸಿಬಿಡೋಣ ಎಂದು ಜಾಲರಿಯದನ್ನು ಅವಳ ತಲೆಗೆ ಏರಿಸಿದೆ.

ಅವಳು ಸ್ವಲ್ಪ ಹೊತ್ತು ಕೇಳಿ ಮುಖ ಸಿಂಡರಿಸಿದಳು. “ಯಾರೋ ಬ್ಯಾರೆಯೋರು ಕಣಪ್ಪ.”

“ನೀನೇ ಅಕ್ಕ. ಈಗ ಹಾಡ್ದಲ್ಲ, ಅದೇಯ.”

“ನನ್ನ ಗಂಟ್ಲು ಇಷ್ಟು ತೆಳುವಾ? ಹೋಗು.”

ಭಾರದ್ದು ಹಾಕಿದೆ. “ಇದೂ ನಾನಲ್ಲ. ರೇಡಿಯೋದೋಳು. ಕುತ್ತಿಗೆ ಬ್ಯಾರೆ ನೋಯ್ತೈತೆ.”

ಮರದ್ದು ಹಾಕಿದೆ. ಎರಡೂ ಕೈಯಿಂದ ಬಟ್ಟಲುಗಳನ್ನು ಒತ್ತಿಕೊಂಡು ಕೂತಳು. ಬೆರಳಿಗೆ ಸೊಪ್ಪಿನ ಹಸಿರು ಹತ್ತಿತ್ತು, ಮರಕ್ಕೂ ಹತ್ತಿತು. ವ್ಯಾಪಾರಿಯ ವಸ್ತು, ಹುಷಾರು ಎಂದು ಹೇಳಹೊರಟೆ.

“ಅವ್ವ ಕಣೋ ಇದು” ಎಂದಳು.

“ಸತ್ತೋದ ಅವ್ವ ಹೆಂಗಾಯ್ತಾಳಕ್ಕ? ನೀನೇ ಹಾಡಿದ್ದು.”

“ನಾನಲ್ಲ ಅಂದ್ನಲ್ಲ! ಕೊನ್ಕೊನೆಗೆ ಅವ್ವ ಹಿಂಗೇ ಮೂಗಿಂದ ತಗೀತಿದ್ಲು. ನೀನು ಆಗ ರಾಯದುರ್ಗದಾಗಿದ್ದೆ, ನಿಂಗೇನು ಗೊತ್ತು? ಹಿಂದ್ಗಡೆ ಹುಳ ಮೇಯೋದೂ ಕೇಳ್ತೈತೆ ನೋಡು. ನಮ್ಮ ಹಳೇ ಮನೇನೇ.”

ನಾನು ಇಸಿದುಕೊಂಡು ಮತ್ತೆ ಹಾಕಿಕೊಂಡೆ. ಅವ್ವನೂ ಇರಲಿಲ್ಲ, ಹುಳವೂ ಇರಲಿಲ್ಲ. ಗೋಡೆಯಾಚೆ ಯಾರೋ ಹಾಡುತ್ತಿದ್ದರು. ಈಗ ಯಾರ ಮಾತು ಹಿಡಿಯುವುದು? ಐವತ್ತು ವರ್ಷ ಆ ದನಿ ಕೇಳಿದವನು ಒಂದು ಹೇಳುತ್ತಾನೆ. ಆ ದನಿ ಹೊತ್ತವಳು ಅದು ತನ್ನದೇ ಅಲ್ಲ ಎನ್ನುತ್ತಾಳೆ. ಮಿಡ್ ಖರೇ ಇರುವುದು ಎಲ್ಲಿ? ಹೆಡ್‌ಫೋನಿನಲ್ಲೋ, ಗಂಟಲಲ್ಲೋ, ಕೇಳುವವರ ಕಿವಿಯಲ್ಲೋ?

ಬಸ್ಸಿನಲ್ಲಿ ಬರುವಾಗ ಹೆಡ್‌ಫೋನು ಮರೆತೇಹೋಗಿ ಆ ಮೆಷಿನ್ನು ನೆನಪಾಯಿತು. ಹುಳ ಮೇಯುವ ಸದ್ದೂ ಹುಕ್ಕು ಉಜ್ಜುವ ಸದ್ದೂ ಹೆಚ್ಚುಕಡಿಮೆ ಒಂದೇ ಜಾತಿಯವು, ಎರಡೂ ಸಣ್ಣವು, ಎರಡೂ ತಾಳದ ಕಿಣಿಕಿಣಿಯ ಹಾಗೆ ಮೇಲಿನವು. ಹುಳ ಕೇಳದವನಿಗೆ ಹುಕ್ಕು ಕೇಳುತ್ತಿದೆ ಎಂದು ಹೇಳಿದವರು ಯಾರು? ಕಲ್ಯಾಣದುರ್ಗ ಬರುವವರೆಗೂ ಕಾಯಲಿಲ್ಲ. ಯೂನಿಟ್ಟಿಗೆ ಫೋನು ಮಾಡಿ ಆ ಮೆಷಿನ್ನು ನಿಲ್ಲಿಸಿ ಎಂದೆ.

ಮಾರನೇ ಬೆಳಿಗ್ಗೆ ಕನ್ನಡಕದ ಹೊಲಿಗೆಯಾಕೆಯನ್ನು ಕರೆದು, ಮೆಷಿನ್ನು ಓಡಿಸಿ, ಸ್ಕ್ರೂಡ್ರೈವರನ್ನು ಅವರ ಕೈಗೆ ಕೊಟ್ಟೆ. ಎಲ್ಲರೂ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದರು. ಅದನ್ನು ನಾನು ಬೇರೆಯವರ ಕೈಗೆ ಕೊಟ್ಟದ್ದನ್ನು ಯಾರೂ ನೋಡಿರಲಿಲ್ಲ.

“ಏನಾರ ಕೇಳಸ್ತೈತೇನವ್ವ?”

ಅವರು ಕಿವಿಗೆ ಹಿಡಿಯಲೇ ಇಲ್ಲ. “ಇದರಾಗ ಏನು ಕೇಳೂದ್ರಿ ಅಣ್ಣಾ? ಸುಮ್ನ ಕುಂತ್ರೂ ಕೇಳಸ್ತೈತಿ. ಎಂಟು ದಿನದಿಂದ ಚಿಕ್ ಚಿಕ್ ಅನ್ನಾಕತ್ತೈತಿ.”

“ಎಂಟು ದಿನದಿಂದ? ಮತ್ತ ಯಾಕ ಹೇಳಲಿಲ್ಲ?”

“ನೀವು ಬಂದು ಕೇಳಿ ಏನಿಲ್ಲ ಅಂದ್ರಲ್ರಿ. ನನಗ ಕೇಳಿಸಿದ್ದ ತಪ್ಪಿರಬೇಕಂತ ಸುಮ್ನಾದ್ನಿ.”

ಅವರು ಬೇಸರದಿಂದ ಹೇಳಲಿಲ್ಲ. ಸಹಜವಾಗಿ, ಮಳೆ ಬಂತು ಎಂಬಂತೆ ಹೇಳಿದರು. ತಮ್ಮ ಕಿವಿಗೆ ಕೇಳಿದ್ದನ್ನು ಬಿಟ್ಟು ನನ್ನ ಕಿವಿಗೆ ಕೇಳದ್ದನ್ನು ನಂಬಿ, ಆ ಸೂಜಿಯ ಮುಂದೆ ಎಂಟು ದಿನ ಮುಖ ಬಗ್ಗಿಸಿದ್ದರು. ಬಿಚ್ಚಿ ನೋಡಿದೆ. ಹುಕ್ಕಿನ ಮೂತಿ ಸೂಜಿಗೆ ಉಜ್ಜಿ ಹೊಳೆಯುತ್ತಿತ್ತು. ಮೂವತ್ತೈದು ವರ್ಷ ಹೆಮ್ಮೆಪಟ್ಟ ಕಿವಿಯ ವಿರುದ್ಧ ಕಣ್ಣು ಸಾಕ್ಷಿ ಹೇಳಬೇಕಾಯಿತು. ಅವತ್ತೇ ಎಲ್ಲರ ಮುಂದೆ ಹೇಳಿದೆ: “ನನಗ ಸಣ್ಣ ಸದ್ದು ಕೇಳಂಗಿಲ್ಲ. ಇನ್ನ ಮ್ಯಾಲೆ ಯಾರಿಗೆ ಕೇಳಿಸಿದ್ರೂ ಅವರ ಮೆಷಿನ್ ಬಂದ್ ಮಾಡ್ರಿ. ನನ್ನ ಕೇಳಬ್ಯಾಡ್ರಿ.” ಇಬ್ಬರು ಎದ್ದು ಬಂದು, ತಮ್ಮ ಮೆಷಿನ್ನಿನಲ್ಲೂ ಏನೋ ಸದ್ದಿದೆ ಎಂದರು.

ಬಳ್ಳಾರಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿದೆ. ಡಾಕ್ಟರು ಒಂದು ಗೆರೆ ತೋರಿಸಿದರು. ಅರ್ಧದವರೆಗೆ ಕಣೇಕಲ್ಲು ಕೆರೆಯ ಏರಿಯ ಹಾಗೆ ಮಟ್ಟಸವಾಗಿ ಬಂದು, ಆಮೇಲೆ ತೂಬಿನ ಗುಂಡಿಗೆ ಬಿದ್ದಿತ್ತು. ನಡುವಿನ ದನಿಗಳು ಚೆನ್ನಾಗಿ ಕೇಳುತ್ತವಂತೆ. ಸ, ಶ, ತ, ಕ ಎನ್ನುವಾಗ ಬಾಯಿಂದ ಹೊರಡುವ ಸಣ್ಣ ಸದ್ದೆಲ್ಲ ಆ ಗುಂಡಿಯಲ್ಲಿದೆಯಂತೆ. ಹಾಗಾದರೆ ನನ್ನ ಮಿಡ್ ಸರಿ ಇದೆಯೇ ಎಂದು ಕೇಳಿದೆ. ಡಾಕ್ಟರು ಪ್ರಶ್ನೆ ಅರ್ಥವಾಗದೆ ನೋಡಿದರು. ನನಗೂ ಪೂರ್ತಿ ಅರ್ಥವಾಗಿರಲಿಲ್ಲ. ಹೊಲಿಗೆ ಬಿಚ್ಚಿದ ಪ್ಯಾಂಟಿನ ಬಟ್ಟೆಯೆಲ್ಲ ಇರುತ್ತದೆ. ಅದನ್ನು ಪ್ಯಾಂಟು ಎನ್ನಬೇಕೋ ಬೇಡವೋ?

ಅಲ್ಲಿಂದ ನೇರ ವ್ಯಾಪಾರಿಯ ಅಂಗಡಿಗೆ ಹೋಗಿ ಡಬ್ಬಿಗಳನ್ನು ಮುಂದಿಟ್ಟೆ. ಸುಳ್ಳು ಹೇಳಬಹುದಿತ್ತು. ಯಾವುದೋ ಒಂದನ್ನು ತೋರಿಸಿ ‘ಇದರಾಗ ಖರೇ ಐತಿ’ ಎಂದಿದ್ದರೆ ಬಳ್ಳಾರಿಯ ತುಂಬ ನನ್ನ ಮಾತು ನಡೆಯುತ್ತಿತ್ತು. ಹುಳ, ಹುಕ್ಕು, ಕನ್ನಡಕ ಎಲ್ಲವನ್ನೂ ಹೇಳಿದೆ.

ಅವರು ನಗಲಿಲ್ಲ. “ನಿಮಗ ಯಾವುದು ಚಲೋ ಅನ್ನಿಸ್ತು?”

“ಜಾಲರೀದು.”

“ನಿಮ್ಮ ಅಕ್ಕಾರಿಗೆ?”

“ಮರದ್ದು. ಅದರಾಗ ನಮ್ಮವ್ವ ಅದಾಳಂತ.”

“ನನಗ ಭಾರದ್ದ ಸೇರ್ತೈತಿ. ಈಗ ನಾ ಏನು ಮಾಡ್ಲಿ ಹೇಳ್ರಿ? ಹತ್ತು ವರ್ಷದಿಂದ ಖರೇ ಮಿಡ್ ಹುಡುಕಾಕತ್ತೀನಿ. ನನ್ನ ಕಿವಿ ಯಾರಿಗೆ ತೋರಿಸಬೇಕ್ರಿ?” ಎಂದು ಆ ಡಾಕ್ಟರ ವಿಳಾಸ ಬರೆದುಕೊಂಡರು.

ಮರದ್ದನ್ನು ನಾನೇ ಕೊಂಡೆ. ನನಗೆ ಎಲ್ಲಕ್ಕಿಂತ ಕಡಿಮೆ ಕೇಳುವುದು ಅದರಲ್ಲೇ. ಒಮ್ಮೊಮ್ಮೆ ಹಾಕಿಕೊಂಡು ಅಕ್ಕ ಹೇಳಿದ್ದನ್ನು ಹುಡುಕುತ್ತೇನೆ. ಈವರೆಗೆ ಸಿಕ್ಕಿಲ್ಲ. ಸಿಕ್ಕಿದಂತೆ ಆದಾಗಲೂ ಅದು ಕಿವಿಗೆ ಸಿಕ್ಕಿದ್ದೋ, ಅಕ್ಕ ಹೇಳಿದ್ದರಿಂದ ತಲೆಯಲ್ಲಿ ಹುಟ್ಟಿದ್ದೋ ಎಂದು ಬಿಡಿಸಲಾಗುವುದಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಇಪ್ಪತ್ತನಾಲ್ಕು ಮೆಷಿನ್ನು. ಅವುಗಳ ಮುಂದೆ ಕೂರುವವರು ಹತ್ತೊಂಬತ್ತು ಜನ. ಸದ್ದು ಕೇಳಿ ಮೆಷಿನ್ನು ನಿಲ್ಲಿಸುವವರೂ ಹತ್ತೊಂಬತ್ತು ಜನ. ಡಾಕ್ಟರು ಬರೆದುಕೊಟ್ಟ, ಸಣ್ಣ ಸದ್ದು ಕೇಳಿಸಲು ಕಿವಿಗೆ ಹಾಕುವ ಮೆಷಿನ್ನು ಒಂದು ಜೊತೆ, ಅದಿನ್ನೂ ರೂಢಿಯಾಗಿಲ್ಲ. ಮರದ ಹೆಡ್‌ಫೋನು ಒಂದು. ಅಕ್ಕನ ದನಿ ಹನ್ನೊಂದು ನಿಮಿಷ.